ವ್ಯಾಯಾಮ ಶುರು ಮಾಡಿದ ಮೇಲೆ ಮೈಯೊಳಗೆ ಏನಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಪಿ.ಟಿ. ಮೇಷ್ಟ್ರಾಗಿ ಮೂವತ್ತು ವರ್ಷ ಮಕ್ಕಳನ್ನು ಓಡಿಸಿದ್ದೇನೆ. ಈಗ ನಿವೃತ್ತ. ಬೆಳಿಗ್ಗೆ ಆರಕ್ಕೆ ನಮ್ಮೂರಿನ ಕಾಲೇಜು ಮೈದಾನಕ್ಕೆ ಆ ಮಕ್ಕಳ ಅಪ್ಪ ಅಮ್ಮಂದಿರು ಬರುತ್ತಾರೆ. ಕೆಲವು ಸಲ ಆ ಮಕ್ಕಳೇ ನಲವತ್ತು ದಾಟಿ, ಹೊಟ್ಟೆ ಬಿಟ್ಟುಕೊಂಡು ಬರುತ್ತಾರೆ. ಚಿಕ್ಕವರಿದ್ದಾಗ ಏನೂ ಕೇಳದೆ ಓಡುತ್ತಿದ್ದರು. ಈಗ ಎರಡು ರೌಂಡ್ ನಡೆದು ನಾಲ್ಕು ಪ್ರಶ್ನೆ ಕೇಳುತ್ತಾರೆ. ಹೇಳಿದ್ದನ್ನೇ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ನಾನು ಡಾಕ್ಟರ್ ಅಲ್ಲ. ಮಾತ್ರೆ, ಇನ್ಸುಲಿನ್ ವಿಷಯದಲ್ಲಿ ನಿಮ್ಮ ಡಾಕ್ಟರ್ ಹೇಳಿದ್ದೇ ಅಂತಿಮ.

ಎರಡು ವಾರ ಆಯ್ತು ಮೇಷ್ಟ್ರೇ, ಕನ್ನಡೀಲಿ ಏನೂ ಕಾಣ್ತಿಲ್ಲ. ಒಳಗೆ ಏನಾದ್ರೂ ಆಗ್ತಿದೆಯಾ?

ಆಗುತ್ತಿದೆ. ಆದರೆ ಕನ್ನಡಿಗೆ ಕಾಣುವ ಜಾಗದಲ್ಲಲ್ಲ.

ಮೊದಲು ಬದಲಾಗುವುದು ರಕ್ತ. ಕೆಲವೇ ದಿನಗಳಲ್ಲಿ ರಕ್ತದ ನೀರಿನಂಶ, ಅಂದರೆ ಪ್ಲಾಸ್ಮಾ ಹೆಚ್ಚುತ್ತದೆ. ಒಂದೆರಡು ವಾರದಲ್ಲಿ ಸುಮಾರು ಶೇ 10ರಷ್ಟು ಏರಬಹುದು. ಜೊತೆಗೇ ನರಗಳು ಪಾಠ ಕಲಿಯುತ್ತವೆ. ಮೊದಲ ವಾರ 20 ಬಸ್ಕಿ ಹೊಡೆಯಲು ಒದ್ದಾಡಿದವರು ಮೂರನೇ ವಾರ 40 ಹೊಡೆಯುತ್ತಾರಲ್ಲ, ಅದಕ್ಕೆ ತೊಡೆ ದಪ್ಪವಾದದ್ದು ಕಾರಣವಲ್ಲ. ಇದ್ದ ಸ್ನಾಯುವಿನ ಎಳೆಗಳನ್ನೇ ಒಟ್ಟಿಗೆ ಕೆಲಸಕ್ಕೆ ಕರೆಯಲು ಮೆದುಳು ಕಲಿತಿರುತ್ತದೆ. ಸ್ನಾಯು ಕಣ್ಣಿಗೆ ಕಾಣುವಷ್ಟು ಬೆಳೆಯಲು ಆರರಿಂದ ಎಂಟು ವಾರ ಬೇಕು, ಕೆಲವರಿಗೆ ಇನ್ನೂ ಜಾಸ್ತಿ.

ನಡುವೆ ಇನ್ನೊಂದು ದೊಡ್ಡ ಕೆಲಸ ನಡೆಯುತ್ತದೆ. ಸ್ನಾಯುವಿನ ಜೀವಕೋಶದೊಳಗೆ ಮೈಟೋಕಾಂಡ್ರಿಯಾ ಎಂಬ ಪುಟ್ಟ ಒಲೆಗಳಿವೆ. ಆಮ್ಲಜನಕ ಬಳಸಿ ಸಕ್ಕರೆ, ಕೊಬ್ಬನ್ನು ಉರಿಸುವುದು ಅಲ್ಲೇ. 1967ರಲ್ಲಿ ಅಮೆರಿಕದ ಜಾನ್ ಹಾಲೊಸಿ ಇಲಿಗಳನ್ನು ಟ್ರೆಡ್‌ಮಿಲ್ ಮೇಲೆ ವಾರಗಟ್ಟಲೆ ಓಡಿಸಿ ನೋಡಿದರು. ಓಡಿದ ಇಲಿಗಳ ಸ್ನಾಯುವಿನಲ್ಲಿ ಈ ಒಲೆಗಳ ಕಿಣ್ವಗಳು ಸುಮಾರು ದುಪ್ಪಟ್ಟಾಗಿದ್ದವು. ಮನುಷ್ಯರಲ್ಲೂ ಒಲೆಗಳು ಹೆಚ್ಚುತ್ತವೆ ಎಂದು ಆಮೇಲೆ ಗೊತ್ತಾಯಿತು. ಒಂದು ತಿಂಗಳ ಮೇಲೆ ಮೆಟ್ಟಿಲು ಹತ್ತುವಾಗ ಏದುಸಿರು ಕಡಿಮೆಯಾದರೆ ಈ ಒಲೆಗಳನ್ನು ನೆನೆಸಿಕೊಳ್ಳಿ.

ವ್ಯಾಯಾಮ ಮಾಡಿದ್ರೆ ಹಾರ್ಮೋನ್ ಏರುತ್ತೆ ಅಂತಾರೆ. ಯಾವುದು ಏರುತ್ತೆ, ಎಷ್ಟು?

ಒಂದು ಮನೆ ಅಂದುಕೊಳ್ಳಿ. ಯಾವತ್ತೂ ನೆಂಟರು ಬಾರದ ಮನೆಗೆ ಒಮ್ಮೆಲೇ ಹತ್ತು ಜನ ಬಂದರೆ ಏನಾಗುತ್ತದೆ? ಒಬ್ಬರು ಹಾಲಿಗೆ ಓಡುತ್ತಾರೆ, ಒಬ್ಬರು ಪಕ್ಕದ ಮನೆಗೆ ಸಕ್ಕರೆಗೆ ಹೋಗುತ್ತಾರೆ, ಅಡುಗೆ ಮನೆಯಲ್ಲಿ ಪಾತ್ರೆ ಬೀಳುತ್ತದೆ. ದಿನಾ ಹತ್ತು ಜನ ಬರುವ ಮನೆಯಲ್ಲಿ ಹಾಗಿಲ್ಲ. ಅಕ್ಕಿ ಒಂದು ಸೇರು ಜಾಸ್ತಿ ಬೆಂದಿರುತ್ತದೆ, ಅಷ್ಟೆ.

ದೇಹವೂ ಹೀಗೇ. ನೀವು ಓಡಲು ಶುರು ಮಾಡಿದಾಗ ಅಡ್ರಿನಲಿನ್, ನಾರ್ ಅಡ್ರಿನಲಿನ್ ಏರುತ್ತವೆ. ಹೃದಯ ಜೋರಾಗಿ ಬಡಿಯುತ್ತದೆ. ಗ್ಲುಕಗಾನ್ ಏರುತ್ತದೆ, ಪಿತ್ತಜನಕಾಂಗ ಕೂಡಿಟ್ಟ ಸಕ್ಕರೆಯನ್ನು ಹೊರಗೆ ಬಿಡುತ್ತದೆ. ಇನ್ಸುಲಿನ್ ಇಳಿಯುತ್ತದೆ. ಓಟ ಜೋರಾದರೆ ಅಥವಾ ತುಂಬಾ ಹೊತ್ತಾದರೆ ಕಾರ್ಟಿಸೋಲ್, ಬೆಳವಣಿಗೆಯ ಹಾರ್ಮೋನ್ ಕೂಡ ಏರುತ್ತವೆ. ಇದೆಲ್ಲ ಮನೆಯೊಳಗಿನ ಗಲಾಟೆ.

ಈಗ ಅದೇ ಮೈದಾನ, ಅದೇ ವೇಗ, ಎರಡು ತಿಂಗಳ ನಂತರ. ಅಡ್ರಿನಲಿನ್ ಮೊದಲಿನಷ್ಟು ಏರುವುದಿಲ್ಲ. ಈ ಇಳಿಕೆ ಮೊದಲ ಕೆಲವು ವಾರಗಳಲ್ಲೇ ಕಾಣಿಸುತ್ತದೆ. ಕಾರ್ಟಿಸೋಲ್ ಕೂಡ ತಣ್ಣಗಿರುತ್ತದೆ. ಹಾಗಂತ ಗ್ರಂಥಿ ಸೋಮಾರಿ ಆಯಿತೆಂದಲ್ಲ. ಪಳಗಿದ ಓಟಗಾರ ಜೀವ ಬಿಟ್ಟು ಓಡಿದರೆ ಅಡ್ರಿನಲಿನ್ ಬೇರೆಯವರಿಗಿಂತ ಜಾಸ್ತಿಯೇ ಬರಬಹುದು. ಶಕ್ತಿ ಇರುತ್ತದೆ, ಸುಮ್ನೆ ಖರ್ಚಾಗುವುದಿಲ್ಲ. ಹಾರ್ಮೋನ್ ಏರಿಸಲು ವ್ಯಾಯಾಮ ಎಂದು ಜನ ಅಂದುಕೊಂಡಿದ್ದಾರೆ. ನನಗೆ ಕಂಡಂತೆ, ಅದೇ ಕೆಲಸವನ್ನು ಕಡಿಮೆ ಹಾರ್ಮೋನಿನಲ್ಲಿ ಮುಗಿಸಲು ದೇಹ ಕಲಿಯುವುದೇ ಇದರಲ್ಲಿರುವ ಲಾಭ.

ಮೊದಲು ನಾಡಿ 78 ಇತ್ತು, ಈಗ 62. ಹೆದರಬೇಕಾ?

ಬೇಡ. ರಕ್ತ ಹೆಚ್ಚಿದೆ, ಹೃದಯದ ಕೋಣೆ ತುಸು ದೊಡ್ಡದಾಗಿದೆ. ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ಹೊರಗೆ ಹೋಗುತ್ತದೆ. ಹಾಗಾಗಿ ಕಡಿಮೆ ಬಡಿತ ಸಾಕು. 1899ರಲ್ಲಿ ಸ್ವೀಡನ್ನಿನ ಹೆನ್ಶೆನ್ ಎಂಬ ವೈದ್ಯರು ಹಿಮದ ಮೇಲೆ ಸ್ಕೀಯಿಂಗ್ ಮಾಡುವವರ ಎದೆಯನ್ನು ಬೆರಳಿನಿಂದ ತಟ್ಟಿ ತಟ್ಟಿಯೇ ಅವರ ಹೃದಯ ದೊಡ್ಡದಿದೆ ಎಂದು ಕಂಡುಹಿಡಿದಿದ್ದರು. ಆಗ ಸ್ಕ್ಯಾನ್ ಎಲ್ಲಿತ್ತು?

ನಾಡಿ ಕಡಿಮೆಯಾಗಿ ತಲೆ ಸುತ್ತು, ಕಣ್ಣು ಕತ್ತಲೆ ಬಂದರೆ ಮಾತ್ರ ತೋರಿಸಿ. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳುವವರ ನಾಡಿ ಮಾತ್ರೆಯಿಂದಲೇ ಕಡಿಮೆ ಇರುತ್ತದೆ. ಅವರು ಕೈಗಡಿಯಾರದ ನಂಬರ್ ನೋಡಿ ಓಟದ ವೇಗ ಅಳೆಯಬಾರದು. ಓಡುತ್ತಾ ಮಾತಾಡಲು ಆಗುತ್ತದಾ ನೋಡಿ, ಅದೇ ಅಳತೆ.

ಓಡೋಕೆ ಶುರು ಮಾಡಿದ ಮೇಲೆ ಹಿಮೋಗ್ಲೋಬಿನ್ ಕಡಿಮೆ ಆಗಿದೆ. ಇದೇನು ಉಲ್ಟಾ?

ಸಾರಿಗೆ ನೀರು ಬೆರೆಸಿದ ಲೆಕ್ಕ. ಪ್ಲಾಸ್ಮಾ ಬೇಗ ಹೆಚ್ಚುತ್ತದೆ, ಕೆಂಪು ರಕ್ತಕಣಗಳು ನಿಧಾನ. ಮೂತ್ರಪಿಂಡದಿಂದ ಬರುವ ಎರಿಥ್ರೊಪೊಯೆಟಿನ್ ಎಂಬ ಹಾರ್ಮೋನ್ ಮೂಳೆಯೊಳಗಿನ ಮಜ್ಜೆಗೆ ಹೇಳಬೇಕು, ಮಜ್ಜೆ ಕಣಗಳನ್ನು ಮಾಡಬೇಕು. ಅಲ್ಲಿಯವರೆಗೆ ವರದಿಯಲ್ಲಿ ಅಂಕಿ ತುಸು ಕೆಳಗೆ ಕಾಣಬಹುದು.

ಆದರೆ ಹೆಂಗಸರು ಈ ಉತ್ತರ ಕೇಳಿ ಸುಮ್ಮನಾಗಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇತ್ತು. ನಿಮ್ಮದು ನೀರು ಬೆರೆತ ಸಾರೋ, ಬೇಳೆಯೇ ಇಲ್ಲದ ಸಾರೋ ಎಂದು ತಿಳಿಯಲು ಫೆರಿಟಿನ್, ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದಂಶ ತೋರಿಸುವ ರಕ್ತಪರೀಕ್ಷೆ ಮಾಡಿಸಿ. ಊಟದ ಜೊತೆ ಕಾಫಿ ಟೀ ಕುಡಿದರೆ ಕಬ್ಬಿಣದಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ನಿಂಬೆಹಣ್ಣು ಹಿಂಡಿಕೊಂಡರೆ ಚೆನ್ನಾಗಿ ಹತ್ತುತ್ತದೆ.

ನನಗೆ ಶುಗರ್ ಇದೆ. ನಡಿಗೆಯಿಂದ ನಿಜವಾಗಿ ಏನು ಆಗುತ್ತೆ?

ನಮ್ಮ ಮೈದಾನದಲ್ಲಿ ಅರ್ಧ ಜನ ಬರುವುದೇ ಇದಕ್ಕೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಮೀಕ್ಷೆಯ ವರದಿ 2023ರಲ್ಲಿ ಬಂತು. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದಿತು. ಹಾಗಾಗಿ ಇದನ್ನು ಬಿಡಿಸಿ ಹೇಳುತ್ತೇನೆ.

ಸುಮ್ಮನೆ ಕೂತಿದ್ದಾಗ ಸಕ್ಕರೆ ಸ್ನಾಯುವಿನೊಳಗೆ ಹೋಗಬೇಕಾದರೆ ಇನ್ಸುಲಿನ್ ಬಂದು ಬಾಗಿಲು ತೆಗೆಯಬೇಕು. ಟೈಪ್ 2 ಇರುವವರಲ್ಲಿ ಇನ್ಸುಲಿನ್ ಬಾಗಿಲು ಬಡಿದರೂ ಒಳಗಿನವರಿಗೆ ಕೇಳಿಸುವುದಿಲ್ಲ. ಸ್ನಾಯು ದುಡಿಯುವಾಗ ಮಾತ್ರ ಕತೆ ಬೇರೆ. ಅದಕ್ಕೆ ಹಸಿವಾಗಿರುತ್ತದೆ. ಗ್ಲುಟ್-4 ಎಂಬ ಬಾಗಿಲನ್ನು ಒಳಗಿನಿಂದ ತಾನೇ ತೆಗೆಯುತ್ತದೆ, ಇನ್ಸುಲಿನ್ ಬರಲಿ ಬಿಡಲಿ. ಊಟವಾದ ಮೇಲೆ ಹದಿನೈದು ನಿಮಿಷ ನಡೆದರೆ ಮೀಟರಿನಲ್ಲಿ ಸಕ್ಕರೆ ಕಡಿಮೆ ಕಾಣುವುದು ಇದಕ್ಕೇ.

ವ್ಯಾಯಾಮ ಮುಗಿದ ಮೇಲೂ ಸ್ನಾಯುವಿನ ಕಿವಿ ಚುರುಕಾಗಿರುತ್ತದೆ. ಕಡಿಮೆ ಇನ್ಸುಲಿನ್ ಸಾಕಾಗುತ್ತದೆ. ಆದರೆ ಈ ಚುರುಕು ಒಂದು ದಿನ, ಹೆಚ್ಚೆಂದರೆ ಎರಡು ಮೂರು ದಿನ. ಆಮೇಲೆ ಮತ್ತೆ ಹಳೇ ಕಿವಿ. ಭಾನುವಾರ ಒಂದೇ ದಿನ ಬೆಟ್ಟ ಹತ್ತಿ ಆರು ದಿನ ಕೂತರೆ ಪ್ರಯೋಜನ ಕಡಿಮೆ. ಎರಡು ದಿನಕ್ಕಿಂತ ಜಾಸ್ತಿ ಬಿಡುವು ಕೊಡಬೇಡಿ. ನಡಿಗೆಯ ಜೊತೆ ವಾರಕ್ಕೆರಡು ದಿನ ಬಸ್ಕಿ, ಗೋಡೆಗೆ ಕೈಯಿಟ್ಟು ದಂಡ ಹೀಗೆ ಭಾರದ ಕೆಲಸವೂ ಇರಲಿ. ಸ್ನಾಯು ದೊಡ್ಡದಾದಷ್ಟೂ ಸಕ್ಕರೆ ಇಡುವ ಉಗ್ರಾಣ ದೊಡ್ಡದು.

ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್ ತರಹದ ಮಾತ್ರೆ ನುಂಗುವವರು ಜೇಬಿನಲ್ಲಿ ಬೆಲ್ಲದ ಚೂರೋ ಸಕ್ಕರೆಯೋ ಇಟ್ಟುಕೊಂಡೇ ಬರಬೇಕು. ಕೈ ನಡುಗಿ, ಬೆವರಿ, ಮಂಕು ಕವಿದರೆ ಮೊದಲು ಅದು ಬಾಯಿಗೆ. ವಿಚಾರಣೆ ಆಮೇಲೆ.

ಜೋರಾಗಿ ಓಡಿ ಬಂದು ನೋಡಿದ್ರೆ ಶುಗರ್ ಇಳಿಯೋ ಬದಲು ಏರಿತ್ತು!

ಅಡ್ರಿನಲಿನ್ ಕೆಲಸ. ಓಟ ತುಂಬಾ ಜೋರಾದಾಗ ಪಿತ್ತಜನಕಾಂಗ ಹೆದರಿ ಬೇಕಾದ್ದಕ್ಕಿಂತ ಜಾಸ್ತಿ ಸಕ್ಕರೆ ಬಿಡುತ್ತದೆ. ಒಂದೆರಡು ಗಂಟೆಯಲ್ಲಿ ಸಾಮಾನ್ಯವಾಗಿ ಇಳಿಯುತ್ತದೆ. ಅದೊಂದು ಅಂಕಿ ನೋಡಿ ಓಟ ಬಿಡಬೇಡಿ.

ತೊಡೆಗೆ ಭಾರಿ ವ್ಯಾಯಾಮ ಮಾಡಿದ್ರೆ ಟೆಸ್ಟೋಸ್ಟೆರೋನ್ ಏರಿ ಇಡೀ ಮೈ ಬೆಳೆಯುತ್ತಂತೆ. ಹೌದಾ ಸರ್?

ಹುಡುಗರು ಕೇಳುವ ಮೊದಲ ಪ್ರಶ್ನೆ ಇದೇ. ಏರುವುದು ನಿಜ. ಅರ್ಧ ಗಂಟೆ, ಒಂದು ಗಂಟೆಯಲ್ಲಿ ಇಳಿಯುವುದೂ ನಿಜ.

ಈ ಏರಿಕೆಯಿಂದ ಸ್ನಾಯು ಬೆಳೆಯುತ್ತದಾ ಎಂದು ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಚಂದದ ಪ್ರಯೋಗ ಮಾಡಿದರು. 12 ಯುವಕರು, 15 ವಾರ. ಒಂದು ತೋಳಿಗೆ ಒಂದು ದಿನ ಬರೀ ತೋಳಿನ ವ್ಯಾಯಾಮ. ಇನ್ನೊಂದು ತೋಳಿಗೆ ಬೇರೆ ದಿನ ಅದೇ ವ್ಯಾಯಾಮ, ಬೆನ್ನಿಗೇ ಕಾಲಿಗೆ ಭಾರಿ ವ್ಯಾಯಾಮ. ಎರಡನೇ ಸಲ ರಕ್ತದಲ್ಲಿ ಟೆಸ್ಟೋಸ್ಟೆರೋನ್, ಬೆಳವಣಿಗೆಯ ಹಾರ್ಮೋನ್ ಚೆನ್ನಾಗಿ ಏರುತ್ತಿದ್ದವು. ಕೊನೆಗೆ ಅಳೆದರೆ ಎರಡೂ ತೋಳು ಒಂದೇ ತರ ಬೆಳೆದಿದ್ದವು. ಅಂದರೆ ಸ್ನಾಯು ಬೆಳೆಯುವುದು ಅದರ ಮೇಲೆ ಬಿದ್ದ ಭಾರದಿಂದ. ಅರ್ಧ ಗಂಟೆಯ ಹಾರ್ಮೋನ್ ಅಲೆ ಬಂದು ಹೋಗುವ ಮೋಡ.

ತೊಡೆಗೆ ವ್ಯಾಯಾಮ ಮಾಡಬೇಡಿ ಅಂತಲ್ಲ ಮತ್ತೆ. ತೊಡೆಗಾಗಿ ಮಾಡಿ.

ಹಾಗಾದ್ರೆ ಇಂಜೆಕ್ಷನ್ ತಗೊಂಡವರು ಯಾಕೆ ಹಾಗೆ ಬೆಳೀತಾರೆ?

ಅದು ಅರ್ಧ ಗಂಟೆಯ ಅಲೆಯಲ್ಲ. ವಾರಗಟ್ಟಲೆ, ದೇಹ ತಾನಾಗಿ ಎಂದೂ ಮಾಡದಷ್ಟು ಪ್ರಮಾಣ. ಆಗ ಬೆಳೆಯುತ್ತದೆ, ಸುಳ್ಳಲ್ಲ.

ಆದರೆ ಹೊರಗಿನಿಂದ ಬಂದದ್ದನ್ನು ಮೆದುಳು ಗಮನಿಸುತ್ತದೆ. ಸಾಕಷ್ಟಿದೆ ಎಂದು ವೃಷಣಕ್ಕೆ ಹೋಗುವ ಆದೇಶ ನಿಲ್ಲಿಸುತ್ತದೆ. ವೃಷಣ ಚಿಕ್ಕದಾಗುತ್ತದೆ, ವೀರ್ಯಾಣು ಕಡಿಮೆಯಾಗುತ್ತವೆ. ಇಂಜೆಕ್ಷನ್ ನಿಲ್ಲಿಸಿದ ದಿನ ಹೊರಗಿನದೂ ಇಲ್ಲ, ಒಳಗಿನದೂ ಇಲ್ಲ. ಮತ್ತೆ ಶುರುವಾಗಲು ತಿಂಗಳುಗಳು ಬೇಕು. ಕೆಲವರಿಗೆ ಪೂರ್ತಿ ಬರುವುದೇ ಇಲ್ಲ. ಇದರ ಮೇಲೆ ಕೊಲೆಸ್ಟ್ರಾಲ್ ಕೆಡುತ್ತದೆ, ಹೃದಯದ ಗೋಡೆ ದಪ್ಪಗಾಗುತ್ತದೆ. ಓಟಗಾರರ ಹೃದಯ ದೊಡ್ಡದಾಗುತ್ತದೆ ಅಂದೆನಲ್ಲ, ಇದು ಆ ತರದ್ದಲ್ಲ.

ನನ್ನ ಹಳೇ ವಿದ್ಯಾರ್ಥಿಯೊಬ್ಬ ಮದುವೆಯಾಗಿ ಮೂರು ವರ್ಷದ ಮೇಲೆ ಡಾಕ್ಟರ ಹತ್ತಿರ ಹೋದಾಗ ಈ ಕತೆ ಹೊರಗೆ ಬಂತು. ಕೊಟ್ಟವನು ಅದು ಬರೀ ವಿಟಮಿನ್ ಅಂದಿದ್ದನಂತೆ. ಸೀಸೆ ಮೇಲೆ ಏನು ಬರೆದಿದೆ ಎಂದು ಓದದೆ ಯಾವ ಸೂಜಿಗೂ ಕೈ ಕೊಡಬೇಡಿ ಮಾರಾಯ್ರೇ.

ಭಾರ ಎತ್ತಿದ್ರೆ ಹೆಂಗಸರು ಗಂಡಸರ ತರ ಆಗ್ತಾರಾ?

ಇಲ್ಲ. ಹೆಂಗಸರಲ್ಲಿ ಟೆಸ್ಟೋಸ್ಟೆರೋನ್ ಗಂಡಸರ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಎರಡು ಕೊಡ ನೀರು ಹೊತ್ತು ನಮ್ಮ ಅಜ್ಜಿಯರು ಗಂಡಸರಾದರಾ?

ಮಗಳು ಜಿಲ್ಲಾ ಮಟ್ಟದಲ್ಲಿ ಓಡ್ತಾಳೆ. ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ. ಓಡೋರಿಗೆ ಹಾಗೇ ಅಂತಾರಲ್ಲ?

ಹಾಗೇ ಅಲ್ಲ. ದಯವಿಟ್ಟು ಈ ಮಾತನ್ನು ನಂಬಬೇಡಿ. ನಾನೂ ಒಂದು ಕಾಲದಲ್ಲಿ ನಂಬಿದ್ದೆ, ಮಕ್ಕಳ ತಾಯಂದಿರಿಗೆ ಹಾಗೆಯೇ ಹೇಳಿಯೂ ಇದ್ದೆ. ತಪ್ಪು ಮಾಡಿದೆ.

ತಿಂದದ್ದರಲ್ಲಿ ಓಟಕ್ಕೆ ಹೋಗಿ ಉಳಿದದ್ದರಲ್ಲಿ ದೇಹ ಸಂಸಾರ ನಡೆಸಬೇಕು. ಉಳಿತಾಯ ತೀರಾ ಕಡಿಮೆಯಾದರೆ ಮೆದುಳಿನ ಹೈಪೊಥಲಾಮಸ್ ಖರ್ಚು ಕಡಿತ ಮಾಡುತ್ತದೆ. ಮೊದಲ ಕಡಿತ ಬೀಳುವುದು ಬಸಿರಿಗೆ ಸಂಬಂಧಪಟ್ಟ ಕೆಲಸಗಳ ಮೇಲೆ. ಅಂಡಾಶಯಕ್ಕೆ ಹೋಗುವ ಸಂಕೇತ ನಿಧಾನವಾಗುತ್ತದೆ, ಈಸ್ಟ್ರೋಜೆನ್ ಇಳಿಯುತ್ತದೆ, ಮುಟ್ಟು ನಿಲ್ಲುತ್ತದೆ. ಅಮೆರಿಕದ ಆನ್ ಲೌಕ್ಸ್ 2003ರಲ್ಲಿ ತೋರಿಸಿದ ಪ್ರಕಾರ, ಕೊಬ್ಬು ಬಿಟ್ಟು ಉಳಿದ ತೂಕದ ಪ್ರತಿ ಕಿಲೋಗೆ ದಿನಕ್ಕೆ 30 ಕ್ಯಾಲರಿಗಿಂತ ಕಡಿಮೆ ಉಳಿದರೆ ಐದೇ ದಿನದಲ್ಲಿ ಈ ಸಂಕೇತ ಏರುಪೇರಾಗುತ್ತದೆ. ತಿಂಗಳು ಬೇಕಿಲ್ಲ, ಐದು ದಿನ.

ಈಸ್ಟ್ರೋಜೆನ್ ಇಳಿದರೆ ಮೂಳೆ ಸವೆಯುತ್ತದೆ. ಹದಿನಾರು ಹದಿನೇಳು ಅಂದರೆ ಮೂಳೆಗೆ ಕೂಡಿಡುವ ವಯಸ್ಸು. ಆಗ ಕಳೆದುಕೊಂಡದ್ದನ್ನು ಆಮೇಲೆ ಪೂರ್ತಿ ತುಂಬಲು ಆಗದೇ ಹೋಗಬಹುದು. ಕಾಲಿನ ಮೂಳೆಯಲ್ಲಿ ಕೂದಲೆಳೆಯ ಬಿರುಕು ಬಿಟ್ಟು ಒಂದು ಸೀಸನ್ನೇ ಹೋಗುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ ರೆಡ್-ಎಸ್ ಎಂದು ಹೆಸರಿಟ್ಟಿತು. ಗಂಡು ಮಕ್ಕಳಿಗೂ ಬರುತ್ತದೆ ಎಂದೂ ಹೇಳಿತು. ಅವರಲ್ಲಿ ಟೆಸ್ಟೋಸ್ಟೆರೋನ್ ಇಳಿಯುತ್ತದೆ, ಮುಟ್ಟಿನಂಥ ಗುರುತು ಇಲ್ಲದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ.

ಮೂರು ತಿಂಗಳು ದಾಟಿದೆ ಅಂದಮೇಲೆ ಸ್ತ್ರೀರೋಗ ತಜ್ಞರಿಗೆ ತೋರಿಸಿ. ಬೇರೆ ಕಾರಣಗಳೂ ಇರಬಹುದು. ತಟ್ಟೆಯನ್ನೂ ನೋಡಿ. ಬೆಳಿಗ್ಗೆ ಏನೂ ತಿನ್ನದೆ ಓಡಿ, ಅಲ್ಲಿಂದಲೇ ಕಾಲೇಜಿಗೆ ಹೋಗಿ, ಮಧ್ಯಾಹ್ನ ಒಂದು ಚಪಾತಿ ತಿನ್ನುವ ಹುಡುಗಿಯರನ್ನು ತುಂಬಾ ನೋಡಿದ್ದೇನೆ. ಓಟದ ಮೊದಲು ಬಾಳೆಹಣ್ಣು, ಮುಗಿದ ಕೂಡಲೇ ಹಾಲು, ಮೊಟ್ಟೆ ಅಥವಾ ಕಡಲೆ. ಸಂಜೆ ಮುದ್ದೆ, ಹುರುಳಿ ಸಾರು. ದುಬಾರಿ ಡಬ್ಬ ಯಾವುದೂ ಬೇಡ.

ಪಿಸಿಒಡಿ (ಅಂಡಾಶಯದ ಹಾರ್ಮೋನ್ ಏರುಪೇರು) ಇರೋರಿಗೆ ವ್ಯಾಯಾಮ ಒಳ್ಳೇದಾ?

ಒಳ್ಳೆಯದು. ಹಲವರಲ್ಲಿ ಅದರ ಹಿಂದೆ ದೇಹ ಇನ್ಸುಲಿನ್ ಮಾತು ಕೇಳದ ಸಮಸ್ಯೆಯೇ ಇರುತ್ತದೆ. ತೂಕ ಇಳಿಯದಿದ್ದರೂ ಅದು ಸುಧಾರಿಸಬಹುದು. ಕೆಲವರ ಮುಟ್ಟು ಸರಿಯಾಗುತ್ತದೆ.

ಬೆಳಿಗ್ಗೆ ಓಡಿದ್ರೆ ಕಾರ್ಟಿಸೋಲ್ ಏರಿ ಹೊಟ್ಟೆ ಬರುತ್ತೆ ಅಂತ ರೀಲ್ಸಲ್ಲಿ ನೋಡ್ದೆ.

ಕಾರ್ಟಿಸೋಲ್ ಬೆಳಿಗ್ಗೆ ಏರಿಯೇ ಇರುತ್ತದೆ, ನೀವು ಓಡಿದರೂ ಹೊದ್ದು ಮಲಗಿದರೂ. ನಿಮ್ಮನ್ನು ಎಬ್ಬಿಸಿ ನಿಲ್ಲಿಸುವುದರಲ್ಲಿ ಅದರದ್ದೂ ಪಾಲಿದೆ. ಓಡುವಾಗ ಏರುವ ಕಾರ್ಟಿಸೋಲ್ ಕೊಬ್ಬು, ಸಕ್ಕರೆಯನ್ನು ಹೊರತೆಗೆದು ಕೊಡಲು ಬರುತ್ತದೆ, ಕೆಲಸ ಮುಗಿಸಿ ಹೋಗುತ್ತದೆ. ತಿಂಗಳುಗಟ್ಟಲೆ ವಿಪರೀತ ಏರಿ ಹೊಟ್ಟೆ ಬರುವುದು ಕುಶಿಂಗ್ ಎಂಬ ಕಾಯಿಲೆಯಲ್ಲಿ, ಇಲ್ಲವೇ ಸ್ಟೀರಾಯ್ಡ್ ಮಾತ್ರೆ ಬಹಳ ಕಾಲ ತಗೊಂಡಾಗ. ನಿಮ್ಮ ಹೊಟ್ಟೆಗೆ ಕಾರಣ ಸಂಜೆಯ ಬೋಂಡಾ ಇರಬಹುದು, ಬೇಜಾರು ಮಾಡ್ಕೋಬೇಡಿ.

ದಿನಾ ಒಂದು ಗಂಟೆ ನಡೀತೀನಿ. ಮೂರು ಕಿಲೋ ಇಳಿದು ನಿಂತುಬಿಟ್ಟಿದೆ.

ದೇಹ ಜಿಪುಣ. ತೂಕ ಇಳಿದಾಗ ಕೊಬ್ಬಿನಿಂದ ಬರುವ, ಹಸಿವನ್ನು ತಡೆಯುವ ಲೆಪ್ಟಿನ್ ಹಾರ್ಮೋನ್ ಇಳಿಯುತ್ತದೆ, ಹಸಿವು ಏರುತ್ತದೆ. ನಿಮಗೆ ಗೊತ್ತಿಲ್ಲದೆ ಒಂದು ದೋಸೆ ಜಾಸ್ತಿ ಹೋಗಿರುತ್ತದೆ. ಇನ್ನೊಂದು ಸಂಗತಿ ಇದೆ. ಟಾಂಜಾನಿಯಾದ ಹಾಡ್ಜಾ ಜನ ಬೇಟೆಯಾಡಿ, ಗೆಡ್ಡೆ ಅಗೆದು ಬದುಕುವವರು, ದಿನಾ ಮೈಲಿಗಟ್ಟಲೆ ನಡೆಯುತ್ತಾರೆ. ಸಂಶೋಧಕ ಹರ್ಮನ್ ಪಾಂಟ್ಸರ್ ತಂಡದವರು ಅಳೆದು 2012ರಲ್ಲಿ ಪ್ರಕಟಿಸಿದಾಗ ಆಶ್ಚರ್ಯ ಕಾದಿತ್ತು. ಮೈ ಗಾತ್ರಕ್ಕೆ ಹೊಂದಿಸಿ ನೋಡಿದರೆ ಅವರ ದಿನದ ಒಟ್ಟು ಕ್ಯಾಲರಿ ಖರ್ಚು, ಕುರ್ಚಿ ಮೇಲೆ ಕೂರುವ ಅಮೆರಿಕನ್ನರಷ್ಟೇ ಇತ್ತು! ನಡಿಗೆಗೆ ಖರ್ಚಾದದ್ದನ್ನು ದೇಹ ಬೇರೆ ಕಡೆ ಉಳಿಸುತ್ತದೆ ಎಂಬುದು ಪಾಂಟ್ಸರ್ ವಾದ. ಇದನ್ನು ಒಪ್ಪದವರೂ ಇದ್ದಾರೆ.

ತೂಕ ಇಳಿಸಬೇಕಾದರೆ ಅಡುಗೆ ಮನೆ ಕಡೆ ನೋಡಿ. ನಡಿಗೆಯ ಲಾಭವನ್ನು ನಾಡಿ, ಸಕ್ಕರೆ, ನಿದ್ದೆಯಲ್ಲಿ ಅಳೆಯಿರಿ.

ಮಾರನೇ ದಿನ ಮೈಕೈ ನೋವು. ಲ್ಯಾಕ್ಟಿಕ್ ಆಸಿಡ್ ಅಲ್ವಾ?

ಅಲ್ಲ. ಅದು ಸುಮಾರು ಒಂದು ಗಂಟೆಯಲ್ಲೇ ರಕ್ತದಿಂದ ಖಾಲಿಯಾಗಿರುತ್ತದೆ. ಇದು ಎಳೆಗಳಲ್ಲಿ ಆದ ಸಣ್ಣ ಸಣ್ಣ ಗಾಯದ ನೋವು. ಹತ್ತುವುದಕ್ಕಿಂತ ಇಳಿಯುವಾಗ ಜಾಸ್ತಿ ಆಗುತ್ತದೆ. ಶ್ರವಣಬೆಳಗೊಳದ ಬೆಟ್ಟ ಇಳಿದು ಬಂದವರ ತೊಡೆ ಕೇಳಿ ನೋಡಿ. ಆದರೆ ಮೂತ್ರ ಹಾಲಿಲ್ಲದ ಕಪ್ಪು ಟೀ ಬಣ್ಣಕ್ಕೆ ತಿರುಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಉಸಿರು ಸಾಲುತ್ತೆ, ಆದ್ರೆ ಮೊಣಕಾಲ ಕೆಳಗೆ ಮೂಳೆ ನೋಯುತ್ತೆ.

ರಕ್ತ, ಹೃದಯ ವಾರಗಳಲ್ಲಿ ಸಿದ್ಧವಾಗುತ್ತವೆ. ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು, ಮತ್ತೆ ಮೂಳೆ ತಿಂಗಳುಗಳು ಕೇಳುತ್ತವೆ. ಎಂಜಿನ್ ಹೊಸದು, ಗಾಡಿಯ ಚಾಸಿ ಹಳೇದು. ಎರಡನೇ ತಿಂಗಳಲ್ಲಿ ಹುರುಪಿನಿಂದ ದೂರವನ್ನು ದುಪ್ಪಟ್ಟು ಮಾಡುವವರೇ ಕಾಲು ನೋವು ಮಾಡಿಕೊಳ್ಳುವುದು. ಒಂದೇ ಜಾಗದಲ್ಲಿ ಬೆರಳಿಟ್ಟರೆ ಜೀವ ಹೋಗುವಂತೆ ನೋಯುತ್ತಿದ್ದರೆ ಓಟ ನಿಲ್ಲಿಸಿ ಮೂಳೆ ಡಾಕ್ಟರಿಗೆ ತೋರಿಸಿ. ಓಡುವಾಗ ಎದೆ ಹಿಡಿದುಕೊಂಡರೆ, ದವಡೆ ಅಥವಾ ಎಡಗೈಗೆ ನೋವು ಇಳಿದರೆ ಇನ್ನೊಂದು ರೌಂಡ್ ನೋಡೋಣ ಅನ್ನಬೇಡಿ, ಅಲ್ಲೇ ನಿಂತು ಕೂಗಿ.

ರಾತ್ರಿ ಹನ್ನೊಂದೂವರೆಗೆ ಮಲಗಿ ನಾಲ್ಕೂವರೆಗೆ ಎದ್ದು ಬರ್ತೀನಿ. ಶಿಸ್ತು ಅಲ್ವಾ?

ಬೆಳವಣಿಗೆಯ ಹಾರ್ಮೋನ್ ಜಾಸ್ತಿ ಬರುವುದು ರಾತ್ರಿಯ ಮೊದಲ ಗಾಢ ನಿದ್ದೆಯಲ್ಲಿ. ಷಿಕಾಗೊ ವಿಶ್ವವಿದ್ಯಾಲಯದವರು ಆರೋಗ್ಯವಂತ ಯುವಕರನ್ನು ಒಂದು ವಾರ ಬರೀ ಐದು ಗಂಟೆ ಮಲಗಿಸಿದರು. ಹಗಲಿನ ಟೆಸ್ಟೋಸ್ಟೆರೋನ್ ಶೇ 10ರಿಂದ 15ರಷ್ಟು ಇಳಿಯಿತು. ಆ ವರದಿ ಬಂದದ್ದು 2011ರಲ್ಲಿ. ನೀವು ಆರೂವರೆಗೆ ಬನ್ನಿ, ಮೈದಾನ ಎಲ್ಲೂ ಹೋಗುವುದಿಲ್ಲ.

ಎದ್ದ ಕೂಡಲೇ ನಾಡಿ ಎಣಿಸುವ ಅಭ್ಯಾಸ ಇಟ್ಟುಕೊಳ್ಳಿ. ದಿನಾ 60 ಇದ್ದದ್ದು ಮೂರು ದಿನದಿಂದ 70 ಇದ್ದರೆ, ಸುಮ್ನೆ ಸಿಟ್ಟು ಬರುತ್ತಿದ್ದರೆ, ದೇಹ ರಜೆ ಕೇಳುತ್ತಿದೆ. ಕೊಡಿ.

ಡೆಂಗಿ ಬಂದು ಒಂದು ತಿಂಗಳು ಮಲಗಿದ್ದೆ. ವಯಸ್ಸು ಬೇರೆ 52. ಎಲ್ಲಾ ಹೋಯ್ತಾ?

1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 20 ವರ್ಷದ ಐದು ಹುಡುಗರನ್ನು ಮೂರು ವಾರ ಹಾಸಿಗೆಯಿಂದ ಏಳದಂತೆ ಮಲಗಿಸಿದರು. ಆಮ್ಲಜನಕ ಬಳಸುವ ಅವರ ಗರಿಷ್ಠ ಶಕ್ತಿ ಕಾಲು ಭಾಗಕ್ಕಿಂತ ಜಾಸ್ತಿ ಕುಸಿಯಿತು. ಮೂವತ್ತು ವರ್ಷದ ಮೇಲೆ ಅದೇ ಐವರನ್ನು ಹುಡುಕಿ ಮತ್ತೆ ಅಳೆದರು. ಆಗ ಅವರಿಗೆ 50, ತೂಕವೂ ಏರಿತ್ತು. ಆದರೂ ಮೂವತ್ತು ವರ್ಷದ ವಯಸ್ಸು ಕಿತ್ತುಕೊಂಡದ್ದು, ಆ ಮೂರು ವಾರದ ಹಾಸಿಗೆ ಕಿತ್ತುಕೊಂಡದ್ದಕ್ಕಿಂತ ಕಡಿಮೆ ಇತ್ತು. ಆಮೇಲೆ ಆರು ತಿಂಗಳು ನಿಧಾನವಾಗಿ ನಡಿಗೆ, ಓಟ, ಸೈಕಲ್ ಮಾಡಿಸಿದರು. 20ರಲ್ಲಿ ಮಲಗುವ ಮೊದಲು ಎಷ್ಟಿತ್ತೋ ಅಲ್ಲಿಗೆ ಬಂದು ನಿಂತರು.

ನಿಮ್ಮ ಲೆಕ್ಕವೂ ಹೀಗೇ. ಪ್ಲಾಸ್ಮಾ ಮೊದಲ ಕೆಲವೇ ದಿನಗಳಲ್ಲಿ ಇಳಿದಿರುತ್ತದೆ, ಆದರೆ ಬೇಗ ಬರುತ್ತದೆ. ಸ್ನಾಯುವಿನ ಬಲ ಅಷ್ಟು ಬೇಗ ಹೋಗುವುದಿಲ್ಲ. ಮೊದಲೊಮ್ಮೆ ಬೆಳೆದ ಸ್ನಾಯು ಎರಡನೇ ಸಲ ಬೇಗ ಬೆಳೆಯುತ್ತದೆ. ಜ್ವರ ಬಿಟ್ಟು, ಪ್ಲೇಟ್‌ಲೆಟ್ ಸರಿಯಾಗಿ, ಡಾಕ್ಟರ್ ಹೂಂ ಅಂದ ಮೇಲೆ ಮೊದಲ ವಾರ ಬರೀ ನಡಿಗೆ, ಅದೂ ಮೊದಲಿನ ಅರ್ಧ ದೂರ. ಎರಡನೇ ವಾರ ಹತ್ತು ಬಸ್ಕಿ ಸೇರಿಸೋಣ. ಮೈದಾನದ ಪಶ್ಚಿಮದ ಕಡೆ ಮರಗಳಿವೆ, ನೆರಳಿರುತ್ತದೆ. ಅಲ್ಲಿಂದ ಶುರು ಮಾಡಿ.